ಗಟ್ಟಿ ಕೂಸು ಅಂದ್ರೆ ನಂಗೀಗ ಭಯ

ಮಂಡ್ಯದಲ್ಲಿ ಮಕ್ಕಳ ಫಿಸಿಯೋ ಕೆಲಸ ನಂದು. ಎನ್‌ಐಸಿಯು, ಅಂದ್ರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಿಂದ ಡಿಸ್ಚಾರ್ಜ್ ಆದ ಕೂಸುಗಳ ಫಾಲೋಅಪ್ಪೇ ಜಾಸ್ತಿ, ತಿಂಗಳು ತುಂಬದೆ ಹುಟ್ಟಿದವು, ತೂಕ ಕಮ್ಮಿ ಇದ್ದವು, ಹುಟ್ಟಿದ ತಕ್ಷಣ ಅಳದೇ ಇದ್ದವು, ಫಿಟ್ಸ್ ಬಂದವು.

ಶುರುವಲ್ಲಿ ಕೂಸಿನ ಕೀಲುಗಳ ಆಂಗಲ್ ಅಳೆಯೋದೇ ದೊಡ್ಡ ವಿದ್ಯೆ ಅಂದ್ಕೊಂಡಿದ್ದೆ. ತೊಡೆ ಎಷ್ಟು ಅಗಲ ಆಗುತ್ತೆ, ಮಂಡಿ ಎಷ್ಟು ಬಿಚ್ಚುತ್ತೆ, ಕೈ ಎದೆ ಮೇಲೆ ಎಳೆದ್ರೆ ಮೊಣಕೈ ಎಲ್ಲಿಗೆ ಬರುತ್ತೆ, ಎಲ್ಲಾ ಯಾವ ವಯಸ್ಸಿಗೆ ಯಾವ ಆಂಗಲ್ ಇರ್ಬೇಕು ಅಂತ ತೋರ್ಸೋ ಅಮಿಯೆಲ್-ಟೀಸನ್ ಚಾರ್ಟ್ ಇಟ್ಕೊಂಡು ಬರೀತಿದ್ದೆ. 3 ತಿಂಗಳ ಒಂದು ಕೂಸು, ಆಂಗಲ್ ಎಲ್ಲಾ ಸರಿ ಇತ್ತು, ಏನೂ ತೊಂದ್ರೆ ಇಲ್ಲಮ್ಮ ಅಂತ ಕಳಿಸ್ಬಿಟ್ಟೆ. ಮತ್ತೆ ಬಂದಿದ್ದು 8 ತಿಂಗಳಿಗೆ. ಅಜ್ಜಿಗೆ ಹೆಮ್ಮೆಯೋ ಹೆಮ್ಮೆ, "ನಮ್ ಕೂಸು ಬೋ ಗಟ್ಟಿ ಕಣವ್ವ, ನಿಲ್ಸುದ್ರೆ ಕಾಲೂರ್ಕಂಡು ಸೆಟ್ಕಂಡು ನಿಂತ್ಕತದೆ." ನಾನು ನೋಡಿದ್ರೆ ಹಿಮ್ಮಡಿ ನೆಲ ಮುಟ್ತಿಲ್ಲ, ಕಾಲು ಕತ್ತರಿ ಹಾಕ್ತಿದೆ, ಬಲಗೈ ಮುಷ್ಟಿ ಬಿಚ್ತಿಲ್ಲ, ಗಿಲಕಿ ಹಿಡಿದ್ರೆ ಎಡಗೈ ಒಂದೇ ಮುಂದೆ ಬರುತ್ತೆ. ಎಡಚ ಇರ್ಬೇಕು ಅಂತ ಮನೆಯವ್ರೆಲ್ಲ ನಗ್ತಿದ್ರು. ವರ್ಷ ತುಂಬೋಕೆ ಮುಂಚೆ ಒಂದೇ ಕೈ ಬಳಸೋ ಮಗೂನ ಎಡಚ ಅನ್ಬಾರ್ದು, ಇನ್ನೊಂದು ಕೈಗೆ ಏನಾಗಿದೆ ಅಂತ ನೋಡ್ಬೇಕು. ಇದು ಗಟ್ಟಿತನ ಅಲ್ಲ, ಸ್ನಾಯು ಬಿಗಿಯಾಗಿರೋದು ಅಂತ ಆ ಅಜ್ಜಿಗೆ ಹೆಂಗೆ ಹೇಳೋದು ಅಂತ ಗೊತ್ತಾಗ್ದೆ ಸುಮ್‌ಸುಮ್ನೆ ಎರಡು ಸಲ ಕೈ ತೊಳ್ಕೊಂಡು ಬಂದೆ. ಐದು ತಿಂಗಳ ಥೆರಪಿ ಹೋಯ್ತು, ನನ್ನಿಂದ.

ಆಮೇಲೇ ಮಗೂನ ಮುಟ್ಟೋಕೆ ಮುಂಚೆ ಸುಮ್ನೆ ನೋಡೋದು ಕಲ್ತಿದ್ದು. ಆಸ್ಟ್ರಿಯಾದ ಪ್ರೆಕ್ಟಲ್ ಅನ್ನೋ ಡಾಕ್ಟರ್ ತೋರಿಸಿಕೊಟ್ಟ ದಾರಿ ಇದು. ಡ್ಯೂ ಡೇಟ್ ಆಗಿ ಸುಮಾರು 12ರಿಂದ 16 ವಾರದಲ್ಲಿ ಅಂಗಾತ ಮಲಗಿರೋ ಕೂಸು ಕತ್ತು, ಸೊಂಟ, ಮಣಿಕಟ್ಟು, ಪಾದ ಎಲ್ಲಾ ಕಡೆ ಸಣ್ಣಗೆ ಮಿಸುಕಾಡ್ತಾನೇ ಇರ್ಬೇಕು. ಆ ಮಿಸುಕಾಟ ಇಲ್ವೇ ಇಲ್ಲ ಅಂದ್ರೆ ಸೆರೆಬ್ರಲ್ ಪಾಲ್ಸಿ, ಅಂದ್ರೆ ಮೆದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಸಿಗದ ತೊಂದ್ರೆ, ಅದರ ಚಾನ್ಸ್ ತುಂಬಾ ಜಾಸ್ತಿ. ವಾರದ ಲೆಕ್ಕ ಮಾತ್ರ ಹುಷಾರು, ಪೂರ್ತಿ 40 ವಾರದ ಬದಲು 30 ವಾರಕ್ಕೆ ಹುಟ್ಟಿದ ಕೂಸಿಗೆ 10 ವಾರ ಕಳೀಬೇಕು, ಹುಟ್ಟಿ 22 ವಾರ ಆಗಿದ್ರೂ ನನ್ ಲೆಕ್ಕದಲ್ಲಿ 12. ಓರಗಿತ್ತಿ ಮಗು ಆಗ್ಲೇ ಮಗುಚ್ಕೊಳ್ತು ಅಂತ ಅಳೋ ತಾಯಂದ್ರಿಗೆ ಇದನ್ನ ಕ್ಯಾಲೆಂಡರ್ ಮೇಲೇ ಗುರುತು ಹಾಕಿ ತೋರಿಸ್ತೀನಿ.

ಓಪಿಡಿಯಲ್ಲಿ ಮಗು ಅಳುತ್ತೆ, ಅತ್ತಾಗ ಮೈ ಬಿಗಿ ಆಗುತ್ತೆ, ನೋಡಿದ್ದೆಲ್ಲ ಸುಳ್ಳು. ಅದಕ್ಕೇ ಮನೇಲಿ ವಿಡಿಯೋ ಮಾಡಿ ವಾಟ್ಸಾಪ್ ಮಾಡಿ ಅಂತೀನಿ, 3ರಿಂದ 5 ನಿಮಿಷ ಸಾಕು. ಮೊದಮೊದಲು ಬಂದ ವಿಡಿಯೋಗಳು ನೋಡ್ಬೇಕು, ಸ್ವೆಟರ್, ಕುಲಾವಿ, ಕಾಲಿಗೆ ಬೆಳ್ಳಿ ಕಡಗ, ಮೇಲೊಂದು ಟವಲ್ ಸುತ್ತಿ ಕೂಸಿನ ಮೂಗು ಒಂದೇ ಕಾಣೋದು, ಜೊತೆಗೆ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿ ಕರೀತಿರ್ತಾರೆ. ಈಗ ಬಿಡಿಸಿ ಹೇಳ್ತೀನಿ, ಚಾಪೆ ಮೇಲೆ ಮಲಗಿಸಿ, ಕೈಕಾಲು ಬರಿದಾಗಿರ್ಲಿ, ಆಟಿಕೆ ಬೇಡ, ಮಾತಾಡಿಸ್ಬೇಡಿ, ಎಚ್ಚರ ಇದ್ದು ಖುಷಿಯಾಗಿರ್ಬೇಕು, ಎಣ್ಣೆ ನೀರು ಹಾಕೋಕೆ ಮುಂಚೆನೇ ಮಾಡಿ ಯಾಕಂದ್ರೆ ನೀರು ಹಾಕಿದ್ಮೇಲೆ ಅವು ಎರಡು ಗಂಟೆ ಏಳಲ್ಲ.

ಇದರ ಜೊತೆ ಕೂಸಿನ ನರಮಂಡಲ ಹೆಂಗಿದೆ ಅಂತ ನೋಡೋ ಹ್ಯಾಮರ್‌ಸ್ಮಿತ್ ಎಕ್ಸಾಮ್, 26 ಐಟಂ, ಒಟ್ಟು 78 ಮಾರ್ಕ್ಸ್. 3 ತಿಂಗಳಲ್ಲಿ 57ಕ್ಕಿಂತ ಕೆಳಗೆ ಬಂದು ಮಿಸುಕಾಟನೂ ಇಲ್ಲ ಅಂದ್ರೆ ಮೆದುಳಿನ ಎಂಆರ್‌ಐಗೆ ಬರ್ಸಿ, ರಿಪೋರ್ಟ್‌ಗೆ ಕಾಯದೆ ಥೆರಪಿ ಶುರು ಮಾಡ್ಬಿಡ್ತೀನಿ. ಕಿವಿ ಟೆಸ್ಟ್ ಬೇಕಾದ್ರೆ ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್‌ಗೆ ಕಳಿಸ್ತೀನಿ.

ಹೋದ ವಾರ ಮದ್ದೂರು ಕಡೆಯಿಂದ ಒಂದು ವಿಡಿಯೋ ಬಂತು, 30 ವಾರಕ್ಕೆ ಹುಟ್ಟಿದ ಕೂಸಿಂದು. ಹಿಂದೆ ಅಜ್ಜಿ ಯಾರಿಗೋ ಗದರ್ತಿದ್ದಾರೆ, "ಸುಮ್ಕಿರ್ರೋ, ಕೂಸ್ನ ಮಾತಾಡುಸ್ಬೇಡಿ, ಮೇಡಮ್ಮು ಬಯ್ತರೆ." ಎರಡು ಸಲ ನೋಡಿದೆ. ಮಿಸುಕಾಟ ಚೆನ್ನಾಗೇ ಇತ್ತು. ಮುಂದಿನ ವಿಸಿಟ್ 6 ತಿಂಗಳಿಗೆ ಬರೆದೆ, 10 ವಾರ ಕಳೆದು.