ಬ್ಯಾಗ್ ಹಂಚುವ ಮೊದಲು ಹಾಜರಿ ಪುಸ್ತಕ ತೆರೆಯಿರಿ

ಬಡ ಮಕ್ಕಳ ಓದಿಗೆ ನೆರವಾಗೋಣ ಅಂತ ಊರಿನವರು ಶಾಲೆಗೆ ಬಂದರೆ ಸಾಮಾನ್ಯವಾಗಿ ಆಗುವುದು ಇಷ್ಟು: ಬ್ಯಾಗು, ನೋಟ್‌ಬುಕ್ ಹಂಚಿಕೆ, ಎರಡು ಭಾಷಣ, ಒಂದು ಫೋಟೊ. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ವಾರಕ್ಕೆರಡು ದಿನ ಶಾಲೆ ತಪ್ಪಿಸುವ ಹುಡುಗ ಮುಂದಿನ ವಾರವೂ ತಪ್ಪಿಸುತ್ತಾನೆ. ಅವನಿಗೆ ಅಡ್ಡಿಯಾಗಿರುವುದು ಬ್ಯಾಗು ಇಲ್ಲದ್ದಲ್ಲ. ಏನು ಅಡ್ಡಿ ಅಂತ ಯಾರೂ ಕೇಳಿರುವುದಿಲ್ಲ, ಅಷ್ಟೇ. ಶಾಲೆ ಮತ್ತು ಊರು ಸೇರಿ ಮಾಡುವ ಕೆಲಸ ಅಲ್ಲಿಂದಲೇ ಶುರುವಾಗಬೇಕು.

ಮೊದಲು, ಹೆಸರು ಹಿಡಿದು ಪಟ್ಟಿ ಮಾಡಿ

‘ನಮ್ಮ ಶಾಲೆಯ ಬಡ ಮಕ್ಕಳು’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹಾಜರಿ ಪುಸ್ತಕ ತೆಗೆಯಿರಿ. ಶಾಲೆ ನಡೆದ ದಿನಗಳಲ್ಲಿ ನೂರಕ್ಕೆ 10ರಷ್ಟು ಅಥವಾ ಅದಕ್ಕಿಂತ ಜಾಸ್ತಿ ಗೈರಾದ ಮಕ್ಕಳನ್ನು ಗುರುತು ಹಾಕಿ. ಹಲವು ಕಡೆ ಇದನ್ನೇ ಅಪಾಯದ ಗೆರೆ ಅಂತ ಇಟ್ಟುಕೊಂಡಿದ್ದಾರೆ. ವರ್ಷಕ್ಕೆ 180 ದಿನ ಶಾಲೆ ಇದ್ದರೆ 18 ದಿನ, ಅಂದರೆ ತಿಂಗಳಿಗೆ ಎರಡೇ ದಿನ! ಸುಲಭವಾಗಿ ಕಣ್ಣು ತಪ್ಪಿ ಹೋಗುತ್ತದೆ. ಆಮೇಲೆ ಪ್ರತಿ ಮಗುವಿಗೂ ಎರಡು ತರಗತಿ ಕೆಳಗಿನ ಪುಸ್ತಕದಿಂದ ಒಂದು ಪ್ಯಾರಾ ಓದಲು ಕೊಡಿ. ತಡವರಿಸುವವರ ಹೆಸರೂ ಪಟ್ಟಿಗೆ ಸೇರಲಿ.

ಈಗ ಪ್ರತಿ ಹೆಸರಿನ ಮುಂದೆ ಕಾರಣ ಬರೆಯಬೇಕು. ಒಂದು ಸಾಲು ಹೀಗಿರಬಹುದು: ‘ಐದನೇ ತರಗತಿ. ಸೋಮವಾರ, ಗುರುವಾರ ಗೈರು. ಆ ಎರಡು ದಿನ ತಾಯಿಗೆ ಬೆಳಗಿನ ಪಾಳಿ. ಎರಡು ವರ್ಷದ ತಂಗಿಯನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ.’ ಈ ಸಾಲು ಓದಿದ ಮೇಲೆ ಆ ಹುಡುಗಿಗೆ ನೋಟ್‌ಬುಕ್ ಕೊಡಲು ಯಾರೂ ಹೊರಡುವುದಿಲ್ಲ, ಅಲ್ವಾ? ಆ ಎರಡು ದಿನ ತಂಗಿಯನ್ನು ಎಲ್ಲಿ ಬಿಡುವುದು ಅಂತ ಯೋಚಿಸುತ್ತಾರೆ.

ಮನೆಯವರ ಹತ್ತಿರ ಮಾತಾಡಿ, ವಿಚಾರಣೆ ಮಾಡಬೇಡಿ

ಅಪ್ಪ ಅಮ್ಮನಿಗೆ ಕಾಳಜಿ ಇಲ್ಲ ಅಂದುಬಿಡುವುದು ಸುಲಭ. ಎಷ್ಟೋ ಸಲ ಅವರಿಗೆ ಲೆಕ್ಕ ಗೊತ್ತಿರುವುದಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 28 ಸಾವಿರಕ್ಕೂ ಹೆಚ್ಚು ಮನೆಗಳನ್ನು ಒಳಗೊಂಡ ಒಂದು ಪ್ರಯೋಗ ನಡೆಯಿತು. 2018ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ‘ನಿಮ್ಮ ಮಗು ಇಷ್ಟು ದಿನ ಶಾಲೆಗೆ ಬಂದಿಲ್ಲ’ ಅಂತ ಅಂಚೆಯಲ್ಲಿ ಆಗಾಗ ಪತ್ರ ಕಳಿಸಿದ್ದಕ್ಕೇ ವಿಪರೀತ ಗೈರಾಗುವ ಮಕ್ಕಳ ಸಂಖ್ಯೆ ನೂರಕ್ಕೆ 10ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇಳಿಯಿತು. ಬೈಗುಳ ಇಲ್ಲ, ಬರೀ ಲೆಕ್ಕ.

ಮನೆಗೆ ಹೋಗುವಾಗ ಮಗುವಿನ ಬಗ್ಗೆ ಒಂದು ಒಳ್ಳೆಯ ಸುದ್ದಿ ಇಟ್ಟುಕೊಂಡು ಹೋಗಿ. ಪೋಷಕರ ಸಭೆಯನ್ನು ದುಡಿಮೆಯ ಹೊತ್ತಿಗೆ ಇಟ್ಟು, ‘ಯಾರೂ ಬರಲ್ಲ’ ಅಂತ ದೂರಬೇಡಿ.

ಒಂದೇ ಮೇಜು, ಒಬ್ಬ ಕೊಂಡಿ

1968ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಮನೋವೈದ್ಯ ಜೇಮ್ಸ್ ಕೋಮರ್ ಹಿಂದುಳಿದ ಎರಡು ಶಾಲೆಗಳಲ್ಲಿ ಕೆಲಸ ಶುರು ಮಾಡಿದರು. ಶಿಕ್ಷಕರು, ಪೋಷಕರು, ಮಕ್ಕಳ ಮನಸ್ಸು ಬಲ್ಲವರು ಒಟ್ಟಿಗೆ ಕೂತು ಶಾಲೆಯ ಯೋಜನೆ ಮಾಡುವ ಪದ್ಧತಿ ಅದು. ಅಲ್ಲಿನ ಒಂದು ನಿಯಮ ನನಗೆ ತುಂಬಾ ಇಷ್ಟ: ತಪ್ಪು ಯಾರದು ಅನ್ನುವ ಮಾತು ಎತ್ತುವಂತಿಲ್ಲ. ಮುಂದೇನು ಅನ್ನುವುದಷ್ಟೇ ಚರ್ಚೆ. ನಿಮ್ಮ ಸಮಿತಿಯಲ್ಲೂ ಇದನ್ನು ಮೊದಲ ದಿನವೇ ಹೇಳಿಬಿಡಿ. ಇಲ್ಲದಿದ್ದರೆ ಅರ್ಧ ಹೊತ್ತು ಜಗಳದಲ್ಲೇ ಹೋಗುತ್ತದೆ.

ಸಮಿತಿ ದೊಡ್ಡದಾದಷ್ಟೂ ಕೆಲಸ ಯಾರ ಪಾಲಿಗೂ ಬರುವುದಿಲ್ಲ. ಅದಕ್ಕೇ ಶಾಲೆ, ಮನೆ, ಊರು ಮೂರನ್ನೂ ಬೆಸೆಯುವ ಒಬ್ಬ ಕೊಂಡಿ ಬೇಕು. ಪಟ್ಟಿ ಅವರ ಕೈಯಲ್ಲಿರಬೇಕು, ಫೋನ್ ಮಾಡುವವರೂ ಅವರೇ. 1977ರಲ್ಲಿ ಶುರುವಾದ ‘ಕಮ್ಯುನಿಟೀಸ್ ಇನ್ ಸ್ಕೂಲ್ಸ್’ ಎಂಬ ಅಮೆರಿಕದ ಸಂಸ್ಥೆ ಶಾಲೆಯೊಳಗೇ ಇಂಥ ಒಬ್ಬರನ್ನು ಇರಿಸುತ್ತದೆ. ಈ ಹೊಣೆಯನ್ನು ಟೀಚರ್ ಮೇಲೆ ಹೇರಬೇಡಿ, ಅವರಿಗೆ ಪಾಠ ಇದೆ. ಸಾಧ್ಯವಾದರೆ ಸಂಬಳ ಕೊಟ್ಟು ನೇಮಿಸಿ. ಬಂದ ಹಣವನ್ನು ಇದಕ್ಕೆ ಖರ್ಚು ಮಾಡಲು ದಾನಿಗಳನ್ನು ಒಪ್ಪಿಸುವುದು ಕಷ್ಟ, ಯಾಕೆಂದರೆ ಫೋಟೊದಲ್ಲಿ ಕಾಣುವಂಥದ್ದೇನೂ ಇರುವುದಿಲ್ಲ. ಆದರೂ ಪಟ್ಟು ಹಿಡಿಯಿರಿ.

ಕೇಳುವುದನ್ನು ಸರಿಯಾಗಿ ಕೇಳಿ

‘ಏನಾದರೂ ಸಹಾಯ ಮಾಡಿ’ ಅಂದರೆ ಮತ್ತೆ ಬ್ಯಾಗೇ ಬರುತ್ತದೆ. ‘ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಆರು ಚಿಕ್ಕ ಮಕ್ಕಳನ್ನು ನೋಡಿಕೊಳ್ಳಬೇಕು’, ‘ಹನ್ನೊಂದು ಮಕ್ಕಳ ಕಣ್ಣು ಪರೀಕ್ಷೆ ಆಗಬೇಕು’ ಅಂತ ಬರೆದು ಕೊಡಿ. ಕ್ಲಿನಿಕ್, ಗ್ರಂಥಾಲಯ, ನಿವೃತ್ತರ ಸಂಘ, ಅಂಗಡಿಯವರು, ಎಲ್ಲರಿಗೂ ಮಾಡಬಹುದಾದ ಒಂದು ಕೆಲಸ ಸಿಗುತ್ತದೆ.

ವಸ್ತು ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಚೀನಾದ ಗಾನ್ಸು ಪ್ರಾಂತ್ಯದ ಶಾಲೆಗಳಲ್ಲಿ ದೃಷ್ಟಿ ಮಂಜಾದ ಮಕ್ಕಳಿಗೆ ಪುಕ್ಕಟೆ ಕನ್ನಡಕ ಕೊಡುತ್ತೇವೆಂದಾಗ, ಸುಮಾರು ಮೂರರಲ್ಲಿ ಒಬ್ಬರ ಕಡೆಯಿಂದ ಬೇಡ ಅನ್ನುವ ಉತ್ತರ ಬಂತು. ಹಾಕಿಕೊಂಡ ಮಕ್ಕಳ ಅಂಕ ಮಾತ್ರ ಏರಿತ್ತು. ಮನೆಯವರಿಗೆ ತಿಳಿಸಿ ಹೇಳುವುದು, ತಿಂಗಳ ನಂತರ ಕನ್ನಡಕ ಮುಖದ ಮೇಲಿದೆಯೇ ಅಂತ ನೋಡುವುದು ಕೊಂಡಿಯವರ ಕೆಲಸ.

ಪಾಠ ಹೇಳಲು ಬಂದವರಿಗೆ

ಮಕ್ಕಳನ್ನು ತರಗತಿ ನೋಡಿ ಕೂರಿಸಬೇಡಿ, ಓದು ಬರುವ ಮಟ್ಟ ನೋಡಿ ಗುಂಪು ಮಾಡಿ. 2001ರಿಂದ 2003ರವರೆಗೆ ಮುಂಬೈ ಮತ್ತು ವಡೋದರಾದಲ್ಲಿ ಪ್ರಥಮ್ ಸಂಸ್ಥೆಯ ‘ಬಾಲಸಖಿ’ ಯೋಜನೆಯಲ್ಲಿ ಅದೇ ಬಡಾವಣೆಗಳ ಯುವತಿಯರು ಹಿಂದುಳಿದ ಮಕ್ಕಳಿಗೆ ದಿನಕ್ಕೆ ಸುಮಾರು ಎರಡು ಗಂಟೆ ಅಕ್ಷರ, ಲೆಕ್ಕ ಹೇಳಿಕೊಟ್ಟರು. ಅಂಕಗಳು ಏರಿದವು, ಅದರಲ್ಲೂ ತೀರಾ ಹಿಂದಿದ್ದವರಿಗೆ ಜಾಸ್ತಿ ಲಾಭವಾಯಿತು. ಆ ಯುವತಿಯರು ದೊಡ್ಡ ಡಿಗ್ರಿಯವರಲ್ಲ, ಆದರೆ ದಿನಾ ಬರುತ್ತಿದ್ದರು.

ಒಬ್ಬ ಮಗುವಿಗೆ ಒಬ್ಬ ಅಣ್ಣ ಅಥವಾ ಅಕ್ಕ ಅನ್ನುವ ಮಾರ್ಗದರ್ಶನದಲ್ಲಿ ಎಚ್ಚರ ಇನ್ನೂ ಜಾಸ್ತಿ ಬೇಕು. ಮೂರು ತಿಂಗಳೊಳಗೆ ಕೈಬಿಟ್ಟರೆ ಮಗುವಿನ ಆತ್ಮವಿಶ್ವಾಸ ಮೊದಲಿಗಿಂತ ಕುಗ್ಗಬಹುದು ಅಂತ 2002ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆದ್ದರಿಂದ ವರ್ಷ ಪೂರ್ತಿ ಬರುತ್ತೇನೆ ಅಂದವರಿಗೆ ಮಾತ್ರ ಮಗುವನ್ನು ಒಪ್ಪಿಸಿ. ಉಳಿದವರು ಲೈಬ್ರರಿ ಜೋಡಿಸಲಿ, ಅದೂ ಬೇಕಾದ ಕೆಲಸವೇ. ಬರುವವರ ಪೂರ್ವಾಪರ ವಿಚಾರಿಸಿ. ಮುಚ್ಚಿದ ಬಾಗಿಲ ಹಿಂದೆ ಯಾರೂ ಮಗುವಿನ ಜೊತೆ ಒಬ್ಬರೇ ಇರಬಾರದು. ಪಟ್ಟಿಯ ವಿವರ ವಾಟ್ಸ್ಆ್ಯಪ್ ಗುಂಪಿಗೆ ಹೋಗಲೇಬಾರದು.

ಮೂರು ತಿಂಗಳಿಗೊಮ್ಮೆ

ಎಷ್ಟು ಬ್ಯಾಗು ಹಂಚಿದೆವು ಅನ್ನುವುದು ವರದಿಯಲ್ಲ. ಪಟ್ಟಿಯ ಮಕ್ಕಳಲ್ಲಿ ಎಷ್ಟು ಜನರ ಗೈರು ಇಳಿಯಿತು, ಎಷ್ಟು ಜನ ಈಗ ಆ ಪ್ಯಾರಾ ಓದುತ್ತಾರೆ ಅಂತ ನೋಡಿ. ಫಲ ಕಾಣದ ಕೆಲಸವನ್ನು ದಾಕ್ಷಿಣ್ಯ ಬಿಟ್ಟು ನಿಲ್ಲಿಸಿ, ಆ ದಾನಿಗೆ ಬೇರೆ ಕೆಲಸ ಹೇಳಿ. ಹೆಡ್‌ಮಾಸ್ಟರ್ ವರ್ಗವಾದ ದಿನವೇ ಎಲ್ಲ ನಿಂತುಹೋಗುವ ಶಾಲೆಗಳು ಬೇಕಾದಷ್ಟಿವೆ. ಯಾರು ಯಾವ ದಿನ ಏನು ಮಾಡುತ್ತಾರೆ, ಅವರ ಫೋನ್ ನಂಬರ್ ಏನು ಅನ್ನುವುದೆಲ್ಲ ಒಂದು ಪುಸ್ತಕದಲ್ಲಿರಲಿ. ಆ ಪುಸ್ತಕ ಶಾಲೆಯ ಬೀರುವಿನಲ್ಲಿರಲಿ, ಯಾರದೋ ಮನೆಯಲ್ಲಲ್ಲ.