ಒಂಬತ್ತು ಮನೆ ಅಳಿಸಿ ಮೂರು ಬಟ್ಟಲು ಇಟ್ಟದ್ದು: ನನ್ನ ಅನುಭವ

ರಾಯಚೂರಿನಲ್ಲಿ ನಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮೇಜು ಶುರುವಾದದ್ದು 2019ರಲ್ಲಿ. ಡಿಎಂ (ಡಂಜನ್ ಮಾಸ್ಟರ್) ಆಗಿ ನಾನು ಕಥೆ ನಡೆಸುತ್ತೇನೆ, ಉಳಿದವರು ಒಂದೊಂದು ಪಾತ್ರವಾಗಿ ಆಡುತ್ತಾರೆ. ಕೊರೊನಾ ಕಾಲದ ಬಿಡುವನ್ನು ಕಳೆದರೂ ಮೊದಲ ಮೂರು ವರ್ಷವಿಡೀ ನಾನು ಅಲೈನ್‌ಮೆಂಟಿನೊಡನೆ, ಅಂದರೆ ಪ್ರತಿ ಪಾತ್ರವನ್ನೂ ಒಳಿತು–ಕೆಡುಕು, ಕಟ್ಟಳೆ–ಅರಾಜಕತೆಯ ಒಂಬತ್ತು ಮನೆಗಳಲ್ಲಿ ಒಂದರಲ್ಲಿ ಕೂರಿಸುವ ನಿಯಮದೊಡನೆ, ಗುದ್ದಾಡಿ ಸೋತಿದ್ದೇನೆ. 2024ರ ಯುಗಾದಿ ಮುಗಿದ ಮೇಲೆ ಅದನ್ನು ಪೂರ್ತಿ ಕಿತ್ತುಹಾಕಿ, ಮೂರು ಸ್ಟೀಲ್ ಬಟ್ಟಲು ಮತ್ತು ಒಂದು ಚೀಲ ಹುಣಸೆ ಬೀಜದಿಂದ ಕ್ಯಾಂಪೇನ್ (ಸೆಷನ್ನಿಂದ ಸೆಷನ್ನಿಗೆ ಮುಂದುವರಿಯುವ ಕಥೆ) ನಡೆಸಲು ತೊಡಗಿದೆ. ಸುಮಾರು ನಲವತ್ತು ಸೆಷನ್ ಆಗಿವೆ. ಮೇಜು ಮುರಿದಿಲ್ಲ, ಆರು ಜನರಲ್ಲಿ ಒಬ್ಬರೂ ಬಿಟ್ಟುಹೋಗಿಲ್ಲ. ಬೆಂಗಳೂರಿನಿಂದ ಬಂದು ಒಂದು ಸಂಜೆ ನಮ್ಮ ಜೊತೆ ಕುಳಿತಿದ್ದ ಹಿರಿಯ ಡಿಎಂ ಒಬ್ಬರು, "ನೀವು ಧರ್ಮಾಧರ್ಮವನ್ನು ಹುಣಸೆ ಬೀಜದಲ್ಲಿ ಅಳೆಯುತ್ತೀರಾ?" ಎಂದು ನಕ್ಕಿದ್ದರು. ಅವರೇ ಈಚೆಗೆ ಫೋನ್ ಮಾಡಿ ನನ್ನ ಹಾಳೆಗಳ ನಕಲು ಕೇಳಿದ್ದರಿಂದ ಇದನ್ನು ಬರೆಯಬಹುದು ಅನ್ನಿಸಿತು.

ದಾಳ, ಪಾತ್ರದ ಹಾಳೆ, ಪಾಲಡಿನ್ ಎಂಬ ಧರ್ಮಯೋಧನ ಪ್ರತಿಜ್ಞೆ ಇವನ್ನೆಲ್ಲ ವಿವರಿಸುವುದಿಲ್ಲ. ಇದನ್ನು ಓದುವವರು ಬಲ್ಲರು. ಸೋತ ಬಗೆಯನ್ನು ಮಾತ್ರ ಬಿಡಿಸಿ ಹೇಳಬೇಕು, ಏಕೆಂದರೆ ಅದಕ್ಕೆ ನಾನು ದುಡ್ಡು ಕೊಟ್ಟಿದ್ದೇನೆ. ಮೂಲ ಪುಸ್ತಕಗಳಿಗೆ ಏಳೆಂಟು ಸಾವಿರ, ದಾಳದ ಸೆಟ್ಟುಗಳಿಗೆ ಎರಡು ಸಾವಿರದ ಆಸುಪಾಸು ಹೋಯಿತು. ಅದರ ಮೇಲೆ, ಒಂಬತ್ತು ಅಲೈನ್‌ಮೆಂಟನ್ನೂ ಕನ್ನಡದಲ್ಲಿ ವಿವರಿಸುವ ಐವತ್ತನಾಲ್ಕು ಕಾರ್ಡುಗಳನ್ನು ಬಣ್ಣದಲ್ಲಿ ಮುದ್ರಿಸಿ ಲ್ಯಾಮಿನೇಷನ್ ಮಾಡಿಸಿದೆ. ನಾನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ಕಡತವನ್ನು ಮುದ್ರಣದ ಅಂಗಡಿಯವರು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಿದ್ದರಿಂದ ಮೊದಲ ಕಂತಿನ ಕಾರ್ಡುಗಳ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ ಬಂದವು. ಅದನ್ನು ನೋಡದೆ ಲ್ಯಾಮಿನೇಷನ್ನನ್ನೂ ಮಾಡಿಬಿಟ್ಟಿದ್ದರು. ಹನ್ನೊಂದು ನೂರು ರೂಪಾಯಿ ನೀರುಪಾಲಾಯಿತು, ಎರಡನೇ ಕಂತಿಗೆ ಮತ್ತೆ ಅಷ್ಟೇ ಕೊಟ್ಟೆ. ಆ ಕಾರ್ಡುಗಳು ಈಗ ನಮ್ಮ ಮನೆಯ ಮಂಚದ ಕಾಲಿನ ಕೆಳಗಿವೆ.

ಕಾರ್ಡು ಸರಿಯಾದ ಮೇಲಾದರೂ ಆಟ ಸರಿಯಾಗಲಿಲ್ಲ. ಆರರಲ್ಲಿ ಐದು ಜನ ಕೇಯಾಟಿಕ್ ನ್ಯೂಟ್ರಲ್ (ಕಟ್ಟಳೆಗೂ ಬಗ್ಗದ, ಒಳಿತು–ಕೆಡುಕಿನ ಪಕ್ಷವನ್ನೂ ಹಿಡಿಯದ ಮನೆ) ಆರಿಸಿಕೊಂಡರು. ಅವರ ಪಾಲಿಗೆ ಅದು ಸ್ವಭಾವದ ವಿವರಣೆಯಾಗಿರಲಿಲ್ಲ, ಏನು ಮಾಡಿದರೂ ಕೇಳಬೇಡಿ ಎಂಬ ಮುಚ್ಚಳಿಕೆಯಾಗಿತ್ತು. ನೇಕಾರನ ಮನೆಗೆ ಬೆಂಕಿ ಇಟ್ಟು, "ನನ್ನ ಪಾತ್ರ ಹಂಗ ಐತ್ರೀ ಸರ" ಎಂದರು. ಉಳಿದ ಒಬ್ಬ ಲಾಫುಲ್ ಗುಡ್, ಅಂದರೆ ಕಟ್ಟಳೆ ಪಾಲಿಸುವ ಒಳ್ಳೆಯವನು. ಸೆರೆ ಸಿಕ್ಕವನನ್ನು ಕೊಲ್ಲುವುದು ಧರ್ಮವೋ ಅಧರ್ಮವೋ ಎಂದು ಅವನು ಒಂದು ರಾತ್ರಿ ಎರಡು ತಾಸು ವಾದ ಮಾಡಿದ. ನಾನು ಡಿಎಂ ಆಗಿ ತೀರ್ಪು ಕೊಟ್ಟೆ, ಹಳೆಯ ನಿಯಮದ ಪ್ರಕಾರ ಲೆವೆಲ್ ಇಳಿಸಿದೆ, ಅವನು ಮರುವಾರ ಬರಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಯಾರ ಪಾತ್ರ ಒಳ್ಳೆಯದು ಎಂದು ಹೇಳುವ ಅಧಿಕಾರವನ್ನು ಒಂದೇ ಕುರ್ಚಿಯ ಮೇಲೆ ಕೂರಿಸಿದರೆ ಆ ಕುರ್ಚಿಯವನ ನೀತಿಯೇ ಬ್ರಹ್ಮಾಂಡದ ನೀತಿಯಾಗುತ್ತದೆ, ಮತ್ತು ನಾನು ಅಷ್ಟು ದೊಡ್ಡವನಲ್ಲ.

ಆಮೇಲೆ ಅಂಕದ ಪದ್ಧತಿ ಮಾಡಿದೆ: ಸೊನ್ನೆಯಿಂದ ನೂರರವರೆಗೆ ಪ್ರತಿಯೊಬ್ಬರಿಗೂ ಒಂದು ಪುಣ್ಯದ ಪಟ್ಟಿ. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ನಮ್ಮ ಆಟಗಾರರು ಎರಡೇ ಸೆಷನ್ನಿನಲ್ಲಿ ಅದರ ಸಂದು ಕಂಡುಹಿಡಿದರು. ಹತ್ತು ಭಿಕ್ಷುಕರಿಗೆ ಒಂದೊಂದು ಬೆಳ್ಳಿ ನಾಣ್ಯ ಹಾಕಿದರೆ ಒಂದು ಕಣಜ ಸುಡುವಷ್ಟು ಪುಣ್ಯ ಕೂಡುತ್ತದೆ ಎಂದು ಜಮಾಖರ್ಚು ಹಾಕಿ ತೋರಿಸಿದರು. ಮೂರನೆಯ ಸಲ ಏನನ್ನೂ ಇಡದೆ, ಎಲ್ಲವೂ ಸಾಪೇಕ್ಷ ಎಂದು ಕೈಬಿಟ್ಟು ನೋಡಿದೆ. ಅದು ಮೂರು ವಾರದಲ್ಲಿ ಸತ್ತಿತು. ಯಾವುದಕ್ಕೂ ಬೆಲೆ ಇಲ್ಲದ ಕಡೆ ಕೇಡು ಕೂಡ ಬೇಸರ ಹುಟ್ಟಿಸುತ್ತದೆ.

ದಾರಿ ಕಂಡದ್ದು ಹಿಂದಕ್ಕೆ ಹೋದಾಗ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೊದಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಒಳಿತು–ಕೆಡುಕಿನ ಸಾಲೇ ಇರಲಿಲ್ಲ; ಲಾ (ಕಟ್ಟಳೆ), ನ್ಯೂಟ್ರಾಲಿಟಿ (ತಟಸ್ಥತೆ), ಕೇಯಾಸ್ (ಅರಾಜಕತೆ) ಎಂಬ ಮೂರೇ ಇದ್ದವು. ಪೌಲ್ ಆಂಡರ್ಸನ್ ಮತ್ತು ಮೈಕೆಲ್ ಮೂರ್ಕಾಕ್ ಅವರ ಕಥೆಗಳಿಂದ ಬಂದ ಈ ಹೆಸರುಗಳು ಮನಸ್ಸಿನ ಗುಣಗಳಿಗಿಂತ ಹೆಚ್ಚಾಗಿ ಯುದ್ಧದ ಪಾಳೆಯಗಳು. 1977ರಲ್ಲಿ ಐದಾಗಿ, 1978ರ ಆಟಗಾರರ ಕೈಪಿಡಿಯಲ್ಲಿ ಒಂಬತ್ತಾದ ಮೇಲೆ ಅದು ವ್ಯಕ್ತಿಯ ಹಣೆಗೆ ಅಂಟಿಸುವ ಚೀಟಿಯಾಯಿತು. ವ್ಯವಸ್ಥೆ ಎಂಬುದು ಮನುಷ್ಯನ ಒಳಗಿನದಲ್ಲ, ಊರಿನದು ಎಂದು ಇಟ್ಟುಕೊಂಡರೆ ಏನಾಗುತ್ತದೆ ಎಂದು ಯೋಚಿಸತೊಡಗಿದೆ. ರಾಯಚೂರು ಸೀಮೆಯವನಿಗೆ ಇದು ಕಷ್ಟದ ಯೋಚನೆಯೇನಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು 227 ಕಿಲೋಮೀಟರ್ ಹರಿಯುತ್ತದೆ. ಕಡಿಮೆ ನೀರಿನ ಬೆಳೆಗೆಂದು ಯೋಜಿಸಿದ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ನಿಂತಿದೆ, ಕೊನೆ ಭಾಗದಲ್ಲಿ ಹೊಲ ಒಣಗುತ್ತದೆ. ರಾತ್ರಿ ತೂಬು ಎತ್ತಿದವನು ಕಳ್ಳನೋ ನ್ಯಾಯವಂತನೋ ಎಂಬುದು ನೀವು ಕಾಲುವೆಯ ಎಷ್ಟನೆಯ ಕಿಲೋಮೀಟರಿನಲ್ಲಿ ನಿಂತಿದ್ದೀರಿ ಎಂಬುದನ್ನು ಅವಲಂಬಿಸುತ್ತದೆ.

ಹಾಗಾಗಿ ಒಂದು ಕಾಲುವೆಯ ಮೇಲೆ ಮೂರು ಊರು ಮಾಡಿದೆ: ತಲೆಯೂರು, ನಡುವೂರು, ತುದಿಯೂರು. ಪ್ರತಿ ಊರಿಗೂ ಐದು ಸಾಲಿನ ಕಟ್ಟಳೆಯ ಹಾಳೆ ಬರೆದು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ. ಪ್ರತಿ ಸಾಲಿನ ಹಿಂದೆ ಅದರಿಂದ ಲಾಭ ಯಾರಿಗೆ, ನಷ್ಟ ಯಾರಿಗೆ ಎಂದು ನನ್ನ ಪುಸ್ತಕದಲ್ಲಿ ಗುರುತಿಸಿಕೊಂಡಿರುತ್ತೇನೆ. ಐದರಲ್ಲಿ ನಾಲ್ಕನೆಯ ಸಾಲನ್ನು ಒಂದು ವಿಶೇಷ ರೀತಿಯಲ್ಲಿ ಬರೆಯುತ್ತೇನೆ. ಅದು ನನ್ನ ಬಳಿಯೇ ಇರಲಿ. ಊರಿಗೊಂದು ಮುಚ್ಚಳವಿರುವ ಸ್ಟೀಲ್ ಬಟ್ಟಲು. ಯಾರಾದರೂ ಆ ಊರಿನಲ್ಲಿ ಕಟ್ಟಳೆ ಮುರಿದರೆ, ಆಟಗಾರರಾಗಲಿ ಊರಿನ ಗೌಡನಾಗಲಿ, ಆ ಬಟ್ಟಲಿಗೆ ಒಂದು ಹುಣಸೆ ಬೀಜ ಬೀಳುತ್ತದೆ. ಒಂದು ಮಿತಿ ದಾಟಿದ ಮೇಲೆ ಆ ಊರಿನ ಹಾಳೆಯನ್ನು ಹರಿದುಹಾಕುತ್ತೇನೆ, ಅಲ್ಲಿಂದ ದೊಡ್ಡ ಮೀನು ಸಣ್ಣದನ್ನು ನುಂಗುವ ಮತ್ಸ್ಯನ್ಯಾಯ. ಅಂಗಡಿಯವನು ಹೇಳಿದ ಬೆಲೆಗೆ ಕೊಡುವುದಿಲ್ಲ, ಛತ್ರದಲ್ಲಿ ಮಲಗಿದರೆ ಎದ್ದಾಗ ಚೀಲ ಇರುವುದಿಲ್ಲ, ಗಾಯವಾದರೆ ವೈದ್ಯ ಬಾಗಿಲು ತೆರೆಯುವುದಿಲ್ಲ. ತಮ್ಮನ್ನು ಕಾಯುತ್ತಿದ್ದದ್ದೂ ಅದೇ ಕಟ್ಟಳೆ ಎಂಬುದು ಕೇಯಾಟಿಕ್ ನ್ಯೂಟ್ರಲ್ ಮಂದಿಗೆ ಆಗ ಗೊತ್ತಾಗುತ್ತದೆ. ಇದರ ಇನ್ನೊಂದು ಮಗ್ಗುಲನ್ನು ಮೊದಲು ಮರೆತಿದ್ದೆ: ಸತತ ಮೂರು ಸೆಷನ್ ಒಂದು ಬಟ್ಟಲಿಗೆ ಬೀಜವೇ ಬೀಳದಿದ್ದರೆ ಆ ಊರಿನ ಯಜಮಾನರು ಸೊಕ್ಕಿ ಹಾಳೆಗೆ ಆರನೆಯ ಸಾಲು ಸೇರಿಸುತ್ತಾರೆ, ಅದು ಸಾಮಾನ್ಯವಾಗಿ ಬಡವರ ಕುತ್ತಿಗೆಗೇ ಬರುತ್ತದೆ. ಇದನ್ನು ಸೇರಿಸುವ ತನಕ ಎಲ್ಲರೂ ಸಾಧುಗಳಾಗಿ ಆಟ ಸಪ್ಪೆಯಾಗಿತ್ತು.

ಎಷ್ಟು ಬೀಜಕ್ಕೆ ಊರು ಕುಸಿಯುತ್ತದೆ ಎಂಬ ಸಂಖ್ಯೆಯನ್ನು ಇಲ್ಲಿಯೂ ಬರೆಯುವುದಿಲ್ಲ. ನಮ್ಮ ಮೇಜಿನವರೂ ಇದನ್ನು ಓದುತ್ತಾರೆ.

ಬಟ್ಟಲು ಸ್ಟೀಲಿನದೇ ಆಗಬೇಕು. ಮೊದಲು ಹಾಳೆಯ ಮೇಲೆ ಗೀಟು ಎಳೆಯುತ್ತಿದ್ದೆ, ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲೂ ನಡೆಯಲಿಲ್ಲ. ತೀನ್ ಕಂದೀಲ್ ಕಡೆಯ ಪಾತ್ರೆ ಅಂಗಡಿಯಲ್ಲಿ ನೂರಾ ಇಪ್ಪತ್ತೋ ನೂರಾ ಮೂವತ್ತೋ ಕೊಟ್ಟು ತಂದ ಈ ಮೂರು ಬಟ್ಟಲುಗಳಲ್ಲಿ ಬೀಜ ಬಿದ್ದಾಗ ಠಣ್ ಎನ್ನುತ್ತದೆ, ಮಾತು ನಿಲ್ಲುತ್ತದೆ. ಮುಚ್ಚಳ ಇರುವುದರಿಂದ ಎಣಿಸಲು ಆಗುವುದಿಲ್ಲ, ಕೇಳಿಸಿಕೊಳ್ಳಬಹುದು ಅಷ್ಟೇ. ಏಳೆಂಟು ಸಾವಿರದ ಪುಸ್ತಕ ಮಾಡದ ಕೆಲಸವನ್ನು ಅದು ಮಾಡಿತು.

ವ್ಯಕ್ತಿಯ ನೀತಿಯನ್ನು ನಾನು ಪೂರ್ತಿ ಬಿಟ್ಟಿಲ್ಲ. ಪ್ರತಿ ಆಟಗಾರರೂ "ನಾನು ಇದನ್ನು ಮಾಡಲಾರೆ" ಎಂಬ ಒಂದೇ ಒಂದು ಸಾಲನ್ನು ಬರೆದು ಲಕೋಟೆಯಲ್ಲಿ ಅಂಟಿಸಿ ಇಟ್ಟುಕೊಂಡಿರುತ್ತಾರೆ. ಅದನ್ನು ಮೀರಿದರೆ ನನ್ನಿಂದ ಶಿಕ್ಷೆಯಿಲ್ಲ. ಲಕೋಟೆ ಒಡೆದು, ಎಲ್ಲರೆದುರು ಗಟ್ಟಿಯಾಗಿ ಓದಿ, ಹೊಡೆದುಹಾಕಿ, ಬೇರೊಂದು ಸಾಲು ಬರೆಯಬೇಕು. ಮೀರಿದ್ದಾರೋ ಇಲ್ಲವೋ ಎಂದು ಹೇಳಬೇಕಾದವರು ಅವರೇ.

ಇದು ನಡೆಯುತ್ತದೆ ಎಂದು ನನಗೆ ಖಾತ್ರಿಯಾದದ್ದು ಏಳನೆಯದೋ ಎಂಟನೆಯದೋ ಸೆಷನ್ನಿನಲ್ಲಿ. ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನಮ್ಮ ಆಟಗಾರ್ತಿ ಪಾಲಡಿನ್ ಪಾತ್ರ ಮಾಡುತ್ತಾರೆ. ತಲೆಯೂರಿನ ಗೌಡನಿಗೆ ಅವರು ತೂಬು ಕಾಯುವುದಾಗಿ ಮಾತು ಕೊಟ್ಟಿದ್ದರು. ಸೂರ್ಯ ಮುಳುಗಿದ ಮೇಲೆ ತೂಬನ್ನು ಯಾರೂ ಮುಟ್ಟಬಾರದು ಎಂಬುದು ಆ ಊರಿನ ಎರಡನೆಯ ಸಾಲು. ತುದಿಯೂರಿನಲ್ಲಿ ಅವರು ಹಿಂದಿನ ವಾರ ಊಟ ಮಾಡಿದ್ದ ಮನೆಯ ಜೋಳ ಕಾಳು ಕಟ್ಟುವ ಹೊತ್ತಿಗೆ ಒಣಗುತ್ತಿತ್ತು. ಕಳ್ಳನ ಪಾತ್ರದಲ್ಲಿದ್ದ ಗಿರಣಿಯ ಲೆಕ್ಕದವರು ಒಂದು ಉಪಾಯ ಹೂಡಿದರು.

"ಅಕ್ಕಾ, ನೀವು ಸುಮ್ಮನ ಆ ಕಡಿ ತಿರುಗಿ ನಿಂದರ್ರಿ. ತೂಬು ನಾ ಎತ್ತತೀನಿ. ನಿಮ್ಮ ಮಾತು ನಿಮ್ಮ ಹತ್ರನ ಇರ್ತೈತಿ."

ಅವರು ಮಂಡಾಳದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ನಾ ಕಣ್ಣು ಮುಚ್ಚಿಗೊಂಡ್ರ ಮಾತು ಉಳಿತೈತೇನ್ರೀ?" ಎಂದು ಕೇಳಿ, ಯಾರ ಉತ್ತರಕ್ಕೂ ಕಾಯದೆ ಲಕೋಟೆ ಹರಿದರು. "ಕೊಟ್ಟ ಮಾತು ಮುರಿಯಲಾರೆ" ಎಂದಿತ್ತು. ಓದಿದರು, ಗೀಟು ಹಾಕಿದರು, ತೂಬನ್ನು ತಾವೇ ಎತ್ತುವುದಾಗಿ ಹೇಳಿದರು. ನಾನು ದಾಳ ಕೇಳಲಿಲ್ಲ. ತಲೆಯೂರಿನ ಬಟ್ಟಲಿಗೆ ಬೀಜ ಹಾಕಿದೆ. ಅವರು ಹೊಸ ಸಾಲು ಬರೆಯಲು ಹತ್ತು ನಿಮಿಷ ತೆಗೆದುಕೊಂಡರು, ಅಷ್ಟು ಹೊತ್ತು ಉಳಿದ ಐವರೂ ಮೊಬೈಲ್ ಮುಟ್ಟದೆ ಕುಳಿತಿದ್ದರು. ಹೊಸ ಸಾಲು ಏನೆಂದು ಅದು ಮುರಿದ ದಿನ, ಅಂದರೆ ಏಳು ತಿಂಗಳ ನಂತರ ಗೊತ್ತಾಯಿತು: "ಕಾರಣ ಕೇಳದೆ ಯಾರಿಗೂ ಮಾತು ಕೊಡಲಾರೆ."

ಆ ನೀರಿನಿಂದ ತುದಿಯೂರಿನ ಬೆಳೆ ಉಳಿಯಿತು. ತಲೆಯೂರಿನವರು ಮರುದಿನ ನಡುವೂರಿನವರ ಮೇಲೆ ಸಂಶಯಪಟ್ಟು ಇಬ್ಬರ ಕಾಲು ಮುರಿದರು, ಅದಕ್ಕೂ ಬೀಜ ಬಿತ್ತು. ಯಾರು ಸರಿ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಎರಡು ತಾಸಿನ ವಾದ ನಡೆದ ಆ ಹಳೆಯ ರಾತ್ರಿಯನ್ನು ನೆನೆದರೆ ನನಗೆ ಇದೇ ದೊಡ್ಡ ಗೆಲುವು.

ಇದರ ನಡುವೆ ಕೆಲವು ಪಕ್ಕದ ಪ್ರಯೋಗಗಳನ್ನೂ ಮಾಡಿದೆ. 1974ರ ಆಟದಲ್ಲಿ ಪ್ರತಿ ಅಲೈನ್‌ಮೆಂಟಿಗೂ ಒಂದು ಗುಟ್ಟಿನ ಭಾಷೆ ಇತ್ತು. ಅದನ್ನು ಊರಿಗೊಂದು ಮಾತಿನ ರೂಢಿಯಾಗಿ ಬದಲಿಸಿ, ತಲೆಯೂರಿಗೆ ತೆಲುಗು ಬೆರೆತ ಕನ್ನಡ, ನಡುವೂರಿಗೆ ಉರ್ದು ಬೆರೆತದ್ದು ಎಂದು ಮಾಡಿದೆ. ನಮ್ಮವರಿಗೆ ಮೂರೂ ಬರುವುದರಿಂದ ಯಾವ ತೊಡಕೂ ಹುಟ್ಟದೆ ಅದು ಬರೀ ನಗೆಯಾಯಿತು, ಬಿಟ್ಟೆ.

ಇನ್ನೊಂದು ಪ್ರಯೋಗ ಫಲ ಕೊಟ್ಟಿತು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಮ್ಮ ಎಡೆದೊರೆ ನಾಡು ವಿಜಯನಗರಕ್ಕೂ ಬಹಮನಿಗಳಿಗೂ, ಆಮೇಲೆ ಆದಿಲಶಾಹಿಗೂ ಕೈ ಬದಲಾಯಿಸುತ್ತಲೇ ಇದ್ದ ನೆಲ. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ. ಅದನ್ನು ನೆನೆದು, ಒಂದು ಸೆಷನ್ನಿನ ನಡುವೆ ಚಹಾ ವಿರಾಮದಲ್ಲಿ ನಡುವೂರಿನ ಹಾಳೆಯನ್ನು ಸದ್ದಿಲ್ಲದೆ ಬದಲಿಸಿದೆ: ಕೋಟೆ ಬೇರೊಬ್ಬರ ಕೈಸೇರಿದೆ, ಹಳೆಯ ಸುಂಕದ ಚೀಟಿ ಇಟ್ಟುಕೊಂಡವರು ಈಗ ದ್ರೋಹಿಗಳು. ಒಂದೂ ಬೀಜ ಬೀಳಿಸದೆ ಅಚ್ಚುಕಟ್ಟಾಗಿ ಆಡುತ್ತಿದ್ದ ಕೃಷಿ ವಿದ್ಯಾರ್ಥಿ, ಮಿರ್ಚಿ ತಿಂದು ಕೈ ತೊಳೆದು ಬರುವಷ್ಟರಲ್ಲಿ ಅಪರಾಧಿಯಾಗಿದ್ದ. "ನಾ ಏನೂ ಮಾಡೇ ಇಲ್ಲಲ್ರೀ ಸರ!" ಎಂದು ಕೂಗಿದ. ನೈತಿಕ ಸಾಪೇಕ್ಷತೆಯ ಬಗ್ಗೆ ಕಾರ್ಡುಗಳಲ್ಲಿ ನಾನು ಬರೆದಿದ್ದಕ್ಕಿಂತ ಆ ಕೂಗಿನಲ್ಲಿ ಹೆಚ್ಚಿತ್ತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋದಾಗ ಮೇಜಿನಲ್ಲಿ ಬೇರೆಯೇ ಪ್ರಶ್ನೆ ಎದ್ದಿತು. ಯಾರೂ ಮುರಿಯದೆ ವ್ಯವಸ್ಥೆ ತಾನೇ ಮುರಿದರೆ ಬೀಜ ಯಾರ ಲೆಕ್ಕಕ್ಕೆ? ಮಾನ್ವಿ ಕಡೆಯ ನಮ್ಮ ಆಟಗಾರನ ಮನೆಯವರು ಆ ವಾರ ನಾಟಿಯ ಚಿಂತೆಯಲ್ಲಿದ್ದರು, ಅವನು ಆಟದಲ್ಲೂ ಅದನ್ನೇ ಕೇಳಿದ. ಮಹಾಭಾರತದ ಶಾಂತಿಪರ್ವದಲ್ಲಿ ಬರಗಾಲದಲ್ಲಿ ವಿಶ್ವಾಮಿತ್ರ ಚಾಂಡಾಲನ ಮನೆಯಲ್ಲಿ ನಾಯಿ ಮಾಂಸಕ್ಕೆ ಕೈ ಹಾಕುವ ಪ್ರಸಂಗವಿದೆಯಲ್ಲ, ಅಲ್ಲಿಂದ ಆಪದ್ಧರ್ಮದ ನಿಯಮ ಮಾಡಿಕೊಂಡೆ: ವಿಪತ್ತಿನ ಸೆಷನ್ನಿನಲ್ಲಿ ಜೀವ ಉಳಿಸಿಕೊಳ್ಳಲು ಮುರಿದ ಮೊದಲ ಕಟ್ಟಳೆಗೆ ಬೀಜ ಇಲ್ಲ, ಎರಡನೆಯದಕ್ಕೆ ಎರಡು. ಗಿರಣಿಯ ಲೆಕ್ಕದವರು ಇದರಲ್ಲೂ ಸಂದು ಹುಡುಕಿ, ಪ್ರತಿ ವಾರವೂ ವಿಪತ್ತು ಬಂದಿದೆ ಎಂದು ವಾದಿಸುತ್ತಿದ್ದಾರೆ.

ಈಗಿನ ಖರ್ಚು ಹೆಚ್ಚೇನಿಲ್ಲ. ಹಾಳೆಗಳ ಪ್ರಿಂಟಿಗೆ ತಿಂಗಳಿಗೆ ನಲವತ್ತೈವತ್ತು ರೂಪಾಯಿ, ಕೋಣೆಗೆ ಸೆಷನ್ನಿಗೆ ನೂರೈವತ್ತು, ಚಹಾ ಮತ್ತು ಒಗ್ಗರಣೆ-ಮಿರ್ಚಿಯನ್ನು ಹಂಚಿಕೊಳ್ಳುತ್ತೇವೆ. ಹುಣಸೆ ಬೀಜಕ್ಕೆ ಮಳೆಗಾಲದಲ್ಲಿ ಹುಳು ಹಿಡಿಯುತ್ತದೆ. ತುದಿಯೂರಿನ ಬಟ್ಟಲಲ್ಲಿ ಎರಡು ಬೀಜ ಪುಡಿಯಾಗಿದ್ದವು, ಅವನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ನಾನೊಬ್ಬನೇ ಒಂದು ರಾತ್ರಿ ಯೋಚಿಸಿ, ಕೊನೆಗೆ ಹಿಡಿಯಲಿಲ್ಲ. ಈಗ ಬೀಜವನ್ನು ಮೊದಲೇ ಹುರಿದು ಇಡುತ್ತೇನೆ.

ಬಗೆಹರಿಯದೆ ಉಳಿದದ್ದು ಪಟ್ಟಣ. ಊರಿಗೆ ಕೆಲಸ ಮಾಡುವ ಬಟ್ಟಲು ಕೋಟೆ ಇರುವ ದೊಡ್ಡ ಪಟ್ಟಣಕ್ಕೆ ಕೆಲಸ ಮಾಡುತ್ತಿಲ್ಲ. ಅಲ್ಲಿ ದಿನಕ್ಕೆ ಹತ್ತು ಕಟ್ಟಳೆ ಮುರಿದರೂ ವ್ಯವಸ್ಥೆ ಅಲುಗಾಡುವುದಿಲ್ಲ, ಅಲುಗಾಡಿದಾಗ ಬೀಜಕ್ಕೂ ಅದಕ್ಕೂ ಸಂಬಂಧವಿರುವುದಿಲ್ಲ. ಪೇಟೆಗೊಂದು ಚಿಕ್ಕ ಬಟ್ಟಲು, ಒಟ್ಟಿಗೆ ಏಳು ಇಟ್ಟು ನೋಡಿದೆ. ಮೇಜಿನ ಮೇಲೆ ದಾಳ ಉರುಳಿಸಲು ಜಾಗವೇ ಉಳಿಯಲಿಲ್ಲ. ಸದ್ಯಕ್ಕೆ ನಮ್ಮ ತಂಡವನ್ನು ಪಟ್ಟಣದ ಬಾಗಿಲ ಹೊರಗೆ, ಸುಂಕದ ಕಟ್ಟೆಯ ಬಳಿ ನಿಲ್ಲಿಸಿದ್ದೇನೆ. ಸುಂಕದವನು ಒಳಗೆ ಬಿಡಲು ಲಂಚ ಕೇಳಿದ್ದಾನೆ, ಪಾಲಡಿನ್ ಅವನಿಗೆ ಕಾರಣ ಕೇಳುತ್ತಿದ್ದಾರೆ.