ಮಳೆಗಾಲದ ಬೂಷ್ಟು: ಟರಾಂಟುಲಾ ಪೆಟ್ಟಿಗೆ ಸರಿಯಾದ ಬಗೆ

ಮಂಗಳೂರಿನ ಮಳೆಗಾಲದಲ್ಲಿ ಮೆಕ್ಸಿಕನ್ ರೆಡ್‌ನೀ ಟರಾಂಟುಲಾ ಎಂಬ ದೊಡ್ಡ ಜೇಡವನ್ನು ಸಾಕುವ ಪೆಟ್ಟಿಗೆಗೆ (ಟೆರೇರಿಯಂ) ಬೂಷ್ಟು ಹಿಡಿಯಲು ನೀರಿಗಿಂತ ಗಾಳಿ ಆಡದಿರುವುದೇ ದೊಡ್ಡ ಕಾರಣ. ಮುಚ್ಚಳದಲ್ಲಷ್ಟೇ ತೂತಿದ್ದರೆ ತೇವ ತಳದಲ್ಲೇ ನಿಲ್ಲುತ್ತದೆ. ಒಂದು ಬದಿಯಲ್ಲಿ ತಳಕ್ಕೆ ಹಾಸಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮಟ್ಟಕ್ಕಿಂತ ತುಸು ಮೇಲೆ, ಎದುರು ಬದಿಯಲ್ಲಿ ಮುಚ್ಚಳದ ಹತ್ತಿರ 3 ಮಿ.ಮೀ. ತೂತುಗಳ ಸಾಲು ಕೊರೆದ ಮೇಲೆ ಬೂಷ್ಟು ನಿಂತಿತು. (ಕೊರೆಯುವಾಗ ಜೇಡ ಬೇರೆ ಡಬ್ಬಿಯಲ್ಲಿರಲಿ.)

ಹಳೆಯ ಕೊಕೊಪೀಟ್ ಪೂರ್ತಿ ತೆಗೆದು, ಚೆನ್ನಾಗಿ ಒಣಗಿಸಿದ ಹೊಸದನ್ನು 10 ಸೆಂ.ಮೀ. ಒತ್ತಿ ತುಂಬಿದೆ. ಅದರಿಂದ ಮುಚ್ಚಳದವರೆಗಿನ ಎತ್ತರ ಜೇಡದ ಕಾಲು ಚಾಚಿದ ಅಗಲದ ಒಂದೂವರೆ ಪಟ್ಟು ಮೀರಬಾರದು. ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆದು ಸಾಯಬಹುದು, ಪಾಪ.

ಆಹಾರಕ್ಕೆ ಹಾಕಿ ಜೇಡ ತಿನ್ನದೆ ಬಿಟ್ಟ ಜಿರಳೆ ಮರುದಿನವೇ ಹೊರಗೆ. ನೀರು ಸಿಂಪಡಿಸುವುದು ಬೇಡ, ಚಿಕ್ಕ ತಟ್ಟೆಯಲ್ಲಿಟ್ಟರೆ ಸಾಕು. ಜೇಡ ಅಂಗಾತ ಮಲಗಿದ್ದರೆ ಸತ್ತಿತೆಂದು ಮುಟ್ಟಬೇಡಿ, ಪೊರೆ ಬಿಡುತ್ತಿರುತ್ತದೆ.